ಹಲ್ಲಿಲ್ಲದ ಅಕ್ಕನಿಗೆ ಮೆತ್ತನೆಯ ಮಿಠಾಯಿ

ನಡೆದದ್ದು ಇಷ್ಟೇ: ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಹೇಳಿದೆ, ಅಕ್ಕ ನಂಬಿದಳು, ಏಳು ತಿಂಗಳು ಪ್ರಾಣಿಯ ಎಲುಬು ಚರ್ಮ ಕುದಿಸಿ ತೆಗೆದ ಅಂಟನ್ನು ಮಿಠಾಯಿ ಎಂದು ಚೀಪಿದಳು. ಮಾರಿದವನು ಮೋಸ ಮಾಡಲಿಲ್ಲ. ನಾನು ಅವನನ್ನು ಕೇಳಲೇ ಇಲ್ಲ. ಮನೆಯವರು ತಿಳಿಯದೆ ಆದದ್ದು ಎಂದು ಸಮಾಧಾನ ಹೇಳಿದರು. ತಿಳಿಯದೆ ಆದದ್ದಲ್ಲ ಅದು. ತಿಳಿಯದು ಎನ್ನಲು ನನಗೆ ಬಾಯಿ ಬಾರದೆ ಆದದ್ದು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಹಂಸಭಾವಿಗೆ ಕೊಟ್ಟರು, ನನ್ನನ್ನು ಹಿರೇಬೆಂಡಿಗೇರಿಗೆ. ನಮ್ಮೂರಿಂದ ಶಿಗ್ಗಾವಿಗೆ ಬಂದು, ಅಲ್ಲಿಂದ ಹಾನಗಲ್ಲಿಗೆ ಹೋಗಿ, ಮತ್ತೊಂದು ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಮನೆ. ಮೊದಲು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡವೆಂದಾದ ಮೇಲೆ ತಿಂಗಳಿಗೊಮ್ಮೆ ಹೋಗುತ್ತೇನೆ. ಪ್ರೀತಿ ಹೆಚ್ಚಾಯಿತೆಂದು ಅಕ್ಕ ತಿಳಿದಳು. ಅಲ್ಲ ಎಂದು ಹೇಳಿದ್ದೇನೆ.

ಅಕ್ಕ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರೂ ಕುಡಿಯುವವಳಲ್ಲ. ಹೋಟೆಲಿನ ಚಹಾ ಕೂಡ ಕುಡಿದವಳಲ್ಲ. ಮೊಮ್ಮಕ್ಕಳ ಹುಟ್ಟುಹಬ್ಬದ ಕೇಕಿನಲ್ಲಿ ತತ್ತಿ ಇರುತ್ತದೆಂದು ಆ ದಿನ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ಹೊಸ ತಿನಿಸು ಏನು ಬಂದರೂ ಅವಳದು ಒಂದೇ ಪ್ರಶ್ನೆ: "ಇದರಾಗ ಏನ ಹಾಕ್ಯಾರ?" ಸೊಸೆ ಹೇಳಿದರೂ ನಂಬುವುದಿಲ್ಲ, ಮಗ ಹೇಳಿದರೂ ನಂಬುವುದಿಲ್ಲ. ನಾನು ಹೇಳಿದರೆ ತಿನ್ನುತ್ತಿದ್ದಳು. ಅಡುಗೆಯ ವಿಷಯದಲ್ಲಿ ನನ್ನ ಮಾತು ಅವಳಿಗೆ ಕೊನೆಯ ಮಾತಾಗಿತ್ತು.

ಅದಕ್ಕೆ ಕಾರಣವೂ ಇತ್ತು. ನಮ್ಮೂರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ನನ್ನನ್ನೇ ಕರೆಯುತ್ತಾರೆ. ಗಿಡದ ಅಂಟನ್ನು ತುಪ್ಪದಲ್ಲಿ ಅರಳಿಸಬೇಕು. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಬಾಣಂತಿಯ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲದ ಪಾಕ, ಎಲ್ಲದಕ್ಕೂ ಒಂದು ಹದವಿದೆ. ಐವತ್ತು ವರ್ಷ ಕಟ್ಟಿದ್ದೇನೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಇದೊಂದು ವಿದ್ಯೆ ಕೈಯಲ್ಲಿತ್ತು. ಆದರೆ ಒಂದು ವಿದ್ಯೆ ಬಂದವರಿಗೆ ಎಲ್ಲಾ ಬರುತ್ತದೆ ಎನ್ನುವ ಸೊಕ್ಕು ಬಲು ಬೇಗ ಬರುತ್ತದೆ. ನನಗೂ ಬಂದಿತ್ತು.

ಹೋದ ವರ್ಷ ಗೌರಿ ಹುಣ್ಣಿಮೆಗೆ ನಾನು ಹಂಸಭಾವಿಯಲ್ಲಿದ್ದೆ. ನಮ್ಮ ಕಡೆ ದೀಪಾವಳಿಯ ಮುಂದಿನ ಆ ಹುಣ್ಣಿಮೆಗೆ ಸಕ್ಕರೆಯ ಗೊಂಬೆ ಮಾಡಿ ಆರತಿಗೆ ಇಡುತ್ತಾರೆ. ಅಕ್ಕನ ಬಾಯಲ್ಲಿ ಒಂದೂ ಹಲ್ಲು ಉಳಿದಿಲ್ಲ. ಹಾಕಿಸಿದ ಹಲ್ಲಿನ ಸೆಟ್ಟು ಡಬ್ಬಿಯಲ್ಲಿ ನಗುತ್ತಾ ಕೂತಿದೆ. ಹಾಗಿದ್ದರೂ ಸಿಹಿಯ ಚಪಲ ಬಿಟ್ಟಿಲ್ಲ. ಸಕ್ಕರೆ ಕುದುರೆಯ ಕಾಲು ಮುರಿದು ಬಾಯಿಗೆ ಹಾಕಿಕೊಂಡಳು. ಅದರ ಚೂಪು ಅಂಗುಳಕ್ಕೆ ಚುಚ್ಚಿ ರಕ್ತ ಬಂತು. ಉಗುಳಿ ಬಂದು ಗೋಡೆಗೆ ಆನಿಕೊಂಡು ಕೂತಳು.

"ಇನ್ನ ಸಿಹಿ ಮುಗೀತು ನಂದು," ಎಂದಳು. "ಉಂಡಿ ಕಡ್ಯಾಕ ಆಗಂಗಿಲ್ಲ, ಸಕ್ಕರಿ ಚುಚ್ಚತೈತಿ. ಹಾಲಾಗ ಬೆಲ್ಲಾ ಕಲಿಸ್ಕೊಂಡ ಕುಡದು ಸಾಯೂದ."

"ಸಾಯೂದು ಸಿಹಿಗೆ ಕಾಯಂಗಿಲ್ಲ. ನಾ ಮೆತ್ತಂದು ಏನರ ಹುಡಿಕ್ಕೊಂಡ ಬರ್ತೇನಿ," ಎಂದೆ.

ಹಾಗೆ ಹುಡುಕಿದ್ದು ಆ ಜೆಲ್ಲಿ ಮಿಠಾಯಿ. ಸವಣೂರಿನ ಸಂತೆಯಲ್ಲಿ ಒಂದು ಕೈಗಾಡಿಯ ಮೇಲೆ ಗಾಜಿನ ಬರಣಿಗಳಲ್ಲಿ ಕೆಂಪು, ಹಳದಿ, ಹಸಿರು ತುಂಡುಗಳಿದ್ದವು. ಕರಡಿಯ ಆಕಾರ, ಮೇಲೆ ಸಕ್ಕರೆಯ ಪುಡಿ. ಒಂದನ್ನು ಬಾಯಿಗೆ ಹಾಕಿಕೊಂಡೆ. ಮೆತ್ತಗಿತ್ತು, ಜಗ್ಗುತ್ತಿತ್ತು, ಚೀಪಿದರೆ ತಾನೇ ಕರಗುತ್ತಿತ್ತು. ಜೊತೆಗೆ ಬಂದಿದ್ದ ನನ್ನ ಸೊಸೆ, "ಅತ್ತಿ, ಇದನ್ನ ಎದರ್ಲೆ ಮಾಡ್ತಾರ?" ಎಂದಳು. ನಾನು ಒಂದು ಗಳಿಗೆಯೂ ನಿಲ್ಲದೆ, "ಅಂಟು. ಗಿಡದ ಅಂಟು. ಬಾಣಂತಿಗೆ ಹಾಕ್ತೇವಲ್ಲ, ಅದನ್ನ ಸಕ್ಕರಿ ಪಾಕದಾಗ ಕಾಸಿರ್ತಾರ," ಎಂದೆ. ಗಾಡಿಯವನು ಎದುರಿಗೇ ನಿಂತಿದ್ದ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಉತ್ತರ ನನ್ನ ಬಾಯಲ್ಲಿ ಆಗಲೇ ತಯಾರಿತ್ತು.

ಹಂಸಭಾವಿಯಲ್ಲಿ ಅಕ್ಕ ಎಂದಿನಂತೆ ಕೇಳಿದಳು. ನಾನು ಅಂಟು ಎಂದೆ. ಇನ್ನೂ ಮುಂದೆ ಹೋಗಿ, "ಸೊಂಟಕ್ಕ ಭಾಳ ಛಲೋ," ಎಂದೂ ಸೇರಿಸಿದೆ. ಅಕ್ಕ ಲಿಂಗಪೂಜೆ ಮುಗಿಸಿ, ಊಟ ಮಾಡಿ, ಒಂದು ಕೆಂಪು ಕರಡಿಯನ್ನು ದವಡೆಯ ಮೂಲೆಗಿಟ್ಟು ಕಣ್ಣು ಮುಚ್ಚಿದಳು. ಅದಕ್ಕೆ ಅವಳೇ ಗೊಂಬಿ ಎಂದು ಹೆಸರಿಟ್ಟಳು. ಅಂದಿನಿಂದ ದಿನಕ್ಕೆ ಎರಡು ಗೊಂಬಿ, ಊಟವಾದ ಮೇಲೊಂದು, ಸಂಜೆ ಕಟ್ಟೆಯ ಮೇಲೆ ಕೂತಾಗ ಒಂದು. ಬಿಸಿಲಿಗೆ ಡಬ್ಬಿಯಲ್ಲಿ ಎಲ್ಲಾ ಕರಗಿ ಒಂದೇ ಗಟ್ಟಿಯಾದರೆ ಚಾಕುವಿನಿಂದ ಕೊಯ್ದು ತಿನ್ನುತ್ತಿದ್ದಳು. ತಿಂಗಳಿಗೊಂದು ಡಬ್ಬಿ ಮುಟ್ಟಿಸುವುದು ನನ್ನ ಕೆಲಸವಾಯಿತು.

ಬೇಸಿಗೆಯಲ್ಲಿ ಒಂದು ಸಲ ಸಂತೆಗೆ ಆ ಗಾಡಿ ಬಂದಿರಲಿಲ್ಲ. ಬೇರೆ ಕಡೆ ಅಂಥದೇ ಕರಡಿಗಳ ಪಾಕೀಟು ಸಿಕ್ಕಿತು. ಮನೆಗೆ ತಂದು ಡಬ್ಬಿಗೆ ಸುರಿಯುತ್ತಿದ್ದೆ. ಮೊಮ್ಮಗಳು ಖಾಲಿ ಪಾಕೀಟನ್ನು ಹಿಡಿದು ಓದತೊಡಗಿದಳು. ಅವಳು ಶಿಗ್ಗಾವಿಯಲ್ಲಿ ಹತ್ತನೆಯ ಇಯತ್ತೆ ಓದುತ್ತಾಳೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ.

"ಅಜ್ಜಿ, ಇದು ಯಾರಿಗೆ?"

"ಹಂಸಭಾವಿ ಅಜ್ಜಿಗೆ."

"ಕೊಡಬ್ಯಾಡ. ಇದರಾಗ ಜೆಲಾಟಿನ್ ಐತಿ."

"ಇರಲಿ. ಅದು ಅಂಟು."

"ಅಂಟು ಖರೇ. ಗಿಡದ್ದಲ್ಲ. ಪ್ರಾಣಿ ಎಲುಬು, ಚರ್ಮ ಕುದಿಸಿ ತಗೀತಾರ. ನಮ್ಮ ಪುಸ್ತಕದಾಗ ಐತಿ." ಪಾಕೀಟಿನ ಮೂಲೆಯನ್ನು ನನ್ನ ಕಣ್ಣ ಹತ್ತಿರ ಹಿಡಿದಳು. ಕಂದು ಬಣ್ಣದ ಚೌಕ, ಅದರೊಳಗೆ ಕಂದು ಬಣ್ಣದ ಮುಕ್ಕೋನ. "ಕಾಯಿಪಲ್ಯೆದ್ದಾದ್ರ ಹಸರು ಚುಕ್ಕಿ ಇರತೈತಿ. ಇದು ಮಾಂಸದ ಗುರತು. ಇದಕ್ಕ ಓದಾಕ ಬರಬೇಕಂತನೂ ಇಲ್ಲಜ್ಜಿ, ನೋಡಿದ್ರ ಸಾಕು."

ಅದು ನಿಜ. ಓದಲು ಬಾರದವರಿಗೆಂದೇ ಸರಕಾರದವರು ಬಣ್ಣ ಇಟ್ಟಿದ್ದಾರೆ. ನಾನು ಅದನ್ನೂ ನೋಡಲಿಲ್ಲ. ಬರಣಿಯ ಮಿಠಾಯಿಗೆ ಗುರುತೇ ಇರಲಿಲ್ಲ, ಆದರೆ ರುಚಿಯೂ ಜಗ್ಗುವ ಬಗೆಯೂ ಎರಡರದೂ ಒಂದೇ ಇತ್ತು. ಇನ್ನು ಅನುಮಾನ ಏನು.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಗಿಡದ ಅಂಟು ನೀರಲ್ಲಿ ಕರಗಿ ಲೋಳೆಯಾಗುತ್ತದೆ, ತುಪ್ಪದಲ್ಲಿ ಅರಳುತ್ತದೆ. ಕಾಸಿ ಆರಿಸಿದರೆ ಕರಡಿಯಾಗಿ ನಿಂತು ಅಲುಗಾಡುವ ಗುಣ ಅದಕ್ಕಿಲ್ಲ. ಐವತ್ತು ವರ್ಷ ಅಂಟು ಮುಟ್ಟಿದ ಈ ಕೈಗೆ ಅದು ಗೊತ್ತಿತ್ತು. ಬಾಯಿ ಕೈಯನ್ನು ಕೇಳಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಅಕ್ಕನದೇ. "ತಂಗಿ, ಗೊಂಬಿ ತೀರಿದ್ವು. ಯಾವಾಗ ಬರ್ತಿ?"

ಸೊಸೆ ನನ್ನ ಮುಖ ನೋಡಿದಳು. ನಾನು, "ಗಾಡಿಯಾಂವ ಬಂದಿಲ್ಲ. ನೋಡ್ತೇನಿ," ಎಂದು ಇಟ್ಟೆ. ಸುಳ್ಳಲ್ಲ ಅದು. ನಿಜವೂ ಅಲ್ಲ.

"ಹೇಳಬ್ಯಾಡ್ರಿ ಅತ್ತಿ," ಎಂದಳು ಸೊಸೆ. "ಗಾಡಿಯಾಂವ ಊರು ಬಿಟ್ಟ ಅಂತ ಹೇಳಿ ಮುಗಸ್ರಿ. ಹೊಟ್ಟ್ಯಾಗ ಹೋಗಿದ್ದು ಹೋತು, ಹೊರಗೂ ಹೋತು. ಎಂಬತ್ತರ ಹತ್ರ ಬಂದ ಮುದುಕಿ, ಯಾಕ ಸಂಕಟ ಹಚ್ಚತೀರಿ?"

ಒಳ್ಳೆಯ ಮಾತೇ. ಹದಿನೈದು ದಿನ ಆ ಮಾತನ್ನು ನಂಬಿಕೊಂಡು ಕೂತೆ. ಆದರೆ ಅಕ್ಕ ಪ್ರತಿ ಡಬ್ಬಿಗೂ ಒಮ್ಮೆ ಕೇಳಿದ್ದಳು, ಏನ ಹಾಕ್ಯಾರ ಅಂತ. ಏಳು ಸಲ ಕೇಳಿದವಳಿಗೆ ಏಳು ಸಲ ಹೇಳಿದವಳು ನಾನೇ. ಎಂಟನೆಯದನ್ನು ಹೇಳಬೇಕಾದವಳೂ ನಾನೇ. ಕರುಣೆಯ ಮಾತಲ್ಲ ಇದು. ಮೊಸರಿಗೆ ನೊಣ ಬಿದ್ದದ್ದನ್ನು ಕಂಡವಳು ಬಡಿಸಬಾರದು, ಅಷ್ಟೇ.

ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ಚೀಲದಿಂದ ಎಂದಿನ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಅವಳ ಮುಂದಿಟ್ಟೆ. ಅಕ್ಕ ಚೀಲವನ್ನೇ ನೋಡಿದಳು.

"ಗೊಂಬಿ?"

"ತಂದಿಲ್ಲ. ಅವು ಗಿಡದ ಅಂಟಿನಾವಲ್ಲ, ಅಕ್ಕ. ಪ್ರಾಣಿ ಎಲುಬಿನ ಅಂಟು. ನಮ್ಮ ಹುಡುಗಿ ಪಾಕೀಟ ಓದಿ ಹೇಳಿದ್ಲು. ನಾ ತಪ್ಪ ಹೇಳಿದ್ನಿ."

ಅಕ್ಕನ ಕೈ ಮೊರದ ಮೇಲೆ ನಿಂತಿತು. "ಯಾವ ಪ್ರಾಣಿದು?" ಎಂದಳು.

"ದನದ್ದು," ಎಂದೆ.

"ಪಾಕೀಟಿನ ಮ್ಯಾಲ ಹಂಗಂತ ಬರದಾರೇನು?"

"ಇಲ್ಲ."

"ಹುಡುಗಿ ಹಂಗಂತ ಹೇಳಿದ್ಲೇನು?"

"ಇಲ್ಲ. ಪ್ರಾಣಿ ಅಂದ್ಲು."

"ಮತ್ತ ದನದ್ದು ಅಂತ ನಿನಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವಳು ಕೇಳಿದಳು, ನನ್ನ ಬಾಯಿ ಹೇಳಿತು. ತಪ್ಪು ಒಪ್ಪಿಕೊಳ್ಳಲು ಮೂರು ತಾಲೂಕು ದಾಟಿ ಬಂದು, ಅದೇ ಕಟ್ಟೆಯ ಮೇಲೆ ಅದೇ ತಪ್ಪನ್ನು ಮತ್ತೆ ಮಾಡಿದ್ದೆ.

ಅಕ್ಕ ಎದ್ದು ಒಳಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಖಾಲಿ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ನಾನು ಇಟ್ಟಿದ್ದ ಚಟ್ನಿಪುಡಿಯ ಡಬ್ಬಿಯನ್ನೂ ಅದರ ಮೇಲಿಟ್ಟಳು.

"ಎಲುಬು ತಿನಿಸಿದಿ ಅಂತ ಸಿಟ್ಟಿಲ್ಲ ನನಗ," ಎಂದಳು. "ಇವತ್ತ ಒಪ್ಪತ್ತ ಮಾಡಿದ್ರ ಅದು ಮುಗೀತು. ಆದ್ರ ನಿನ್ನ ಬಾಯಾಗ ಯಾವ್ದು ಖರೇ, ಯಾವ್ದು ಬಾಯಿಗೆ ಬಂದದ್ದು, ನನಗ ಗೊತ್ತಾಗವಲ್ದು. ಇನ್ನ ನೀ ಬಾ, ಕುಂದ್ರು, ಉಣ್ಣು. ತಿನ್ನಾಕ ಏನೂ ತರಬ್ಯಾಡ."

"ಚಟ್ನಿಪುಡಿ ನನ್ನ ಕೈಲೇ ಕುಟ್ಟೇನಿ, ಅಕ್ಕ. ಅದರಾಗ ಏನಿರತೈತಿ?"

"ಏನಿರತೈತೋ. ನೀ ಶೇಂಗಾ ಅಂತಿ."

ಮೂವತ್ತು ವರ್ಷ ನನ್ನ ಚಟ್ನಿಪುಡಿ ಇಲ್ಲದೆ ರೊಟ್ಟಿ ತಿಂದವಳಲ್ಲ. ಡಬ್ಬಿ ತಿರುಗಿ ನನ್ನ ಚೀಲಕ್ಕೇ ಬಂತು. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಅದರ ಭಾರಕ್ಕೆ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ ನಿಂತಿದ್ದೆ. ಅಳಲಿಲ್ಲ. ಸಿಟ್ಟು ಬಂದಿತ್ತು, ಅವಳ ಮೇಲೂ ನನ್ನ ಮೇಲೂ. ನನ್ನ ಕೈಯದನ್ನು ಅವಳು ಮತ್ತೆ ತಿನ್ನಬೇಕು, ಅದಾಗದಿದ್ದರೆ ನಾನು ಅಲ್ಲಿಗೆ ಹೋಗಿ ಬರೀ ಉಂಡು ಬರುವ ನೆಂಟಳಾಗುತ್ತೇನೆ. ಅದು ನನಗೆ ಆಗದು.

ಮನೆಯಲ್ಲಿ ಶುರು ಮಾಡಿದೆ. ಮೆತ್ತಗಿರಬೇಕು, ಹಲ್ಲು ಬೇಡಬಾರದು, ಒಳಗೆ ಏನಿದೆಯೋ ಅದೆಲ್ಲಾ ನನಗೆ ಗೊತ್ತಿರಬೇಕು.

ಮೊದಲು ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ತಿರುವಿದೆ. ತೋಳು ಬಿದ್ದುಹೋಗುವಷ್ಟು ತಿರುವಿದ ಮೇಲೆ ಹಲ್ವ ಆಯಿತು. ರುಚಿಗೆ ಏನೂ ಕಡಿಮೆಯಿಲ್ಲ. ಆದರೆ ನನ್ನ ಕಟ್ಟಿಸಿದ ಹಲ್ಲು ತೆಗೆದಿಟ್ಟು ತಿಂದು ನೋಡಿದೆ, ಅಂಗುಳಕ್ಕೆ ಹತ್ತಿಕೊಂಡು ಬೆರಳು ಹಾಕಿ ಕೀಳಬೇಕಾಯಿತು. ಸೊಸೆ ನೋಡುತ್ತಾ ನಿಂತಿದ್ದಳು.

"ಅತ್ತಿ, ಇದನ್ನ ಗ್ವಾಡಿಗೆ ಹಚ್ಚಿದ್ರ ಕ್ಯಾಲೆಂಡರಿಗೆ ಮೊಳಿ ಬೇಕಾಗಂಗಿಲ್ಲ."

ಆಮೇಲೆ ಗಿಡದ ಅಂಟನ್ನೇ ಸಕ್ಕರೆ ಪಾಕದಲ್ಲಿ ಕಾಸಿದೆ. ಆಗುವುದಿಲ್ಲವೆಂದು ಗೊತ್ತಿದ್ದೂ ಕಾಸಿದೆ. ನಾನು ಹೇಳಿದ ಸುಳ್ಳು ನಿಜವಾಗಲು ಸಾಧ್ಯವಿತ್ತೇ ನೋಡಬೇಕಿತ್ತು. ಎರಡು ದಿನ ಇಟ್ಟರೂ ಲೋಳೆಯಾಗಿಯೇ ಉಳಿಯಿತು. "ಪೋಸ್ಟ್ ಆಫೀಸಿಗೆ ಕೊಡೂಣ್ರಿ, ಲಕೋಟಿ ಹಚ್ಚಾಕ ಆಕ್ಕೈತಿ," ಎಂದಳು ಸೊಸೆ. ಅವಳ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಇನ್ನೊಂದು ಬರುತ್ತದೆ.

ಮೊಮ್ಮಗಳು ಶಿಗ್ಗಾವಿಯಿಂದ ಹಸಿರು ಚುಕ್ಕಿಯ ಜೆಲ್ಲಿ ಪಾಕೀಟು ತಂದಳು. ಹಣ್ಣಿನ ಸಿಪ್ಪೆಯಿಂದ ತೆಗೆದ ಸತ್ವ ಹಾಕಿರುತ್ತಾರಂತೆ, ಅಂಥವೂ ಇವೆಯಂತೆ. ತಿಂದು ನೋಡಿದೆ. ತಪ್ಪೇನಿಲ್ಲ. ಆದರೆ ಅಕ್ಕನ ದವಡೆಗೆ ಗಟ್ಟಿ. ಮೇಲಾಗಿ ಪಾಕೀಟಿನದನ್ನು ಒಯ್ದು, ನೋಡು ಚುಕ್ಕಿ ಹಸಿರಿದೆ ಎಂದು ನಾನು ಹೇಳಿದರೆ ಅವಳು ಯಾವ ಧೈರ್ಯದ ಮೇಲೆ ನಂಬಬೇಕು? ಅವಳ ಕಣ್ಣಿಗೆ ಹಸಿರೂ ಕಂದೂ ಒಂದೇ ಮಬ್ಬು.

ಸವಣೂರಿಗೆ ಹೋದದ್ದು ಆಗ. ಸಂತೆಯ ಗಾಡಿಗಲ್ಲ, ನಾನು ಮೊದಲಿನಿಂದ ಕೊಬ್ಬರಿ, ಉತ್ತತ್ತಿ, ಅಂಟು ಕೊಳ್ಳುವ ಕಿರಾಣಿ ಅಂಗಡಿಗೆ. ಅಂಗಡಿಯವರು ನನ್ನ ಮಗನ ವಯಸ್ಸಿನ ಮುಸಲ್ಮಾನರು.

"ಬರ್ರಿ ಅವ್ವಾರ, ಕುಂದರ್ರಿ. ಯಾರ ಮನ್ಯಾಗ ಬಾಣಂತನ?"

"ಬಾಣಂತನ ಇಲ್ರಿ ಸಾಹೇಬ್ರ. ಹಲ್ಲಿಲ್ಲದ ಮುದುಕಿಗೆ ಮಿಠಾಯಿ ಬೇಕು." ನಡೆದದ್ದನ್ನೆಲ್ಲಾ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಅದನ್ನ ನಮ್ಮ ಮನ್ಯಾಗೂ ತಿನ್ನಂಗಿಲ್ರಿ," ಎಂದರು. "ಯಾವ ಪ್ರಾಣಿದೋ, ಹೆಂಗ ಕೊಯ್ದಾರೋ. ನನ್ನ ಮಕ್ಕಳಿಗೂ ಬ್ಯಾಡ ಅಂದೇನಿ."

"ನೀವು ಮಾಂಸ ತಿನ್ನೋರು, ನಿಮಗೇನ್ರಿ?"

"ತಿಂತೇವಿ, ಅದಕ್ಕ ಕೇಳಿ ತಿಂತೇವ್ರಿ. ನೀವು ತಿನ್ನಂಗಿಲ್ಲ ಅಂತ ಕೇಳೂದನ್ನ ಬಿಟ್ಟ ಬಿಟ್ಟೀರಿ."

ಹೀಗೆ ಮುಖಕ್ಕೆ ಹೇಳುವವರನ್ನು ಕಂಡರೆ ನನಗೆ ಇಷ್ಟ. ಅವರು ಒಳಗಿನಿಂದ ಒಂದು ಪಾಕೀಟು ತಂದರು. ಒಣಗಿದ, ಬೆಳ್ಳಗಿನ, ಹಗುರಾದ ಎಳೆಗಳು, ಪ್ಲಾಸ್ಟಿಕ್ ಸುತಳಿಯ ಹಾಗೆ.

"ಚೈನಾ ಗ್ರಾಸ್ ಅಂತಾರ. ಸಮುದ್ರದಾಗ ಬೆಳಿಯೋ ಪಾಚಿಯಿಂದ ಮಾಡ್ತಾರಂತ. ರಂಜಾನದಾಗ ನಮ್ಮವ್ವ ಹಾಲಾಗ ಹಾಕಿ ಮಾಡತಿದ್ಲು. ಉಪವಾಸ ಬಿಟ್ಟ ಬಾಯಿಗೆ ತಂಪ. ಚಮಚಾ ಬಡದ್ರ ಥರಥರ ಅಲಗತೈತಿ ನೋಡ್ರಿ. ಚುಕ್ಕಿ ನೋಡ್ಕೊಳ್ರಿ."

ನೋಡಿಕೊಂಡೆ. ಹಸಿರು ಚೌಕ, ಹಸಿರು ದುಂಡು ಚುಕ್ಕಿ. ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ನೋಡಿಕೊಂಡೆ.

ಮೊದಲನೆಯ ಸಲ ಎಳೆಗಳನ್ನು ನಿಂಬೆರಸದ ಜೊತೆಗೇ ಕುದಿಸಿದೆ. ಹೆಪ್ಪುಗಟ್ಟಲೇ ಇಲ್ಲ, ಪಾನಕವಾಗಿ ಕೂತಿತು. ಸೊಸೆ ಅದನ್ನು ಸೋಸಿ ಎಲ್ಲರಿಗೂ ಕುಡಿಸಿದಳು. ಸವಣೂರಿಗೆ ಫೋನು ಮಾಡಿ ಕೇಳಿದೆ. ಹೌದು, ಕೇಳಿದೆ. "ಹುಳಿ ಕೂಡ ಕುದಿಸಬಾರದ್ರಿ ಅವ್ವಾರ, ಅದರ ಶಕ್ತಿ ಹೋಗತೈತಿ. ಬೇಕಾದ್ರ ಒಲಿ ಇಳಿಸಿದ ಮ್ಯಾಲ ಹಾಕ್ರಿ." ಎರಡನೆಯ ಸಲ ಎಳೆ ಹೆಚ್ಚಾಗಿ ಹಂಚಿನ ಚೂರಿನ ಹಾಗೆ ಗಟ್ಟಿಯಾಯಿತು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಒಂದು ಮುಷ್ಟಿ ಎಳೆಯನ್ನು ಕತ್ತರಿಸಿ, ಅರ್ಧ ತಾಸು ತಣ್ಣೀರಲ್ಲಿ ನೆನೆಸಬೇಕು. ನಾಲ್ಕು ವಾಟಿ ನೀರಲ್ಲಿ ಸಣ್ಣ ಉರಿಯ ಮೇಲೆ ಒಂದು ಎಳೆಯೂ ಕಾಣದ ಹಾಗೆ ಕರಗಿಸಬೇಕು. ಸಕ್ಕರೆ ಹಾಕಿ ಮತ್ತೊಂದು ಕುದಿ. ಇಳಿಸಿ, ಸೋಸಿ, ಬಿಸಿ ಇರುವಾಗಲೇ ಮಾವಿನ ರಸ ಕಲಸಿ, ತಟ್ಟೆಗೆ ಸುರಿದು ಅಲುಗಿಸದೆ ಬಿಡಬೇಕು. ಹಾನಗಲ್ಲಿನ ಕಡೆಯ ಆಪೂಸ ಹಣ್ಣಿನ ಕಾಲ ಮುಗಿಯುತ್ತಾ ಬಂದಿತ್ತು. ಕೊನೆಯ ಹಣ್ಣುಗಳ ರಸ, ಬಣ್ಣ ಬೇಕಿರಲಿಲ್ಲ.

ಆರಿದ ಮೇಲೆ ಶಂಕರಪೋಳಿಯ ಹಾಗೆ ಓರೆ ಚೌಕಗಳಾಗಿ ಕೊಯ್ದೆ. ಕಟ್ಟಿಸಿದ ಹಲ್ಲು ತೆಗೆದಿಟ್ಟು ತಿಂದೆ. ಇದು ಆ ಗೊಂಬಿಯ ಹಾಗೆ ಜಗ್ಗುವುದಿಲ್ಲ, ಕರಗುವುದೂ ಇಲ್ಲ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಮುರಿದು ಜಾರಿ ಹೋಗುತ್ತದೆ. ಹಲ್ಲಿಲ್ಲದವರಿಗೆ ಇದೇ ವಾಸಿ. ಸೊಸೆ ಒಂದು ತುಂಡು ತಿಂದಳು, ಇನ್ನೊಂದು ತಿಂದಳು, ಏನೂ ಅನ್ನಲಿಲ್ಲ. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಮರುದಿನ ಸ್ಟೀಲಿನ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಹೊರಟೆ. ಚಟ್ನಿಪುಡಿಯನ್ನು ಒಯ್ಯಲಿಲ್ಲ. ಮೊದಲು ಒಂದು ಬಾಗಿಲು ತೆರೆಯಲಿ. ಮೂರು ಬಸ್ಸಿನ ಸೆಕೆಗೂ ತುಂಡುಗಳು ಕರಗಲಿಲ್ಲ, ಒಂದಕ್ಕೊಂದು ಅಂಟಲಿಲ್ಲ.

ಅಕ್ಕ ಪೂಜೆ ಮುಗಿಸಿ ಊಟಕ್ಕೆ ಕೂರುವುದರಲ್ಲಿದ್ದಳು. ಡಬ್ಬಿಯನ್ನು ಅವಳ ಮುಂದಿಟ್ಟು ಮುಚ್ಚಳ ತೆಗೆದೆ.

"ತರಬ್ಯಾಡ ಅಂದಿದ್ನಿ," ಎಂದಳು.

"ಅಂದಿದ್ದಿ. ತಂದೇನಿ. ತಿನ್ನೂದು ಬಿಡೂದು ನಿಂದು."

"ಏನ ಹಾಕೀದಿ?"

"ಸಕ್ಕರಿ. ಮಾವಿನಹಣ್ಣ. ನೀರು. ಚೈನಾ ಗ್ರಾಸ್ ಅಂತ ಒಂದು ಎಳಿ."

"ಅದೇನದು ಎಳಿ?"

"ಸಮುದ್ರದಾಗಿನ ಪಾಚಿಯಿಂದ ಮಾಡ್ತಾರಂತ."

"ನೀ ಸಮುದ್ರ ನೋಡೀಯೇನು?"

"ಇಲ್ಲ. ಸವಣೂರ ಅಂಗಡಿ ಸಾಹೇಬ್ರು ಹೇಳ್ಯಾರ. ಹುಡುಗಿ ಪಾಕೀಟ ಓದ್ಯಾಳ. ಹಸರು ಚುಕ್ಕಿ ನಾನ ನೋಡೇನಿ. ಇಷ್ಟು ಖರೇ. ಇದರ ಮುಂದಿಂದು ನಾ ಹೇಳಂಗಿಲ್ಲ."

ಅಕ್ಕ ಒಂದು ತುಂಡನ್ನು ಬೆರಳಿಂದ ಒತ್ತಿದಳು. ಅದು ಅಲುಗಾಡಿತು. "ಸಮುದ್ರದ ಪಾಚಿ ಅಂದ್ರ ಅದರಾಗ ಮೀನು, ಹುಳಾ ಸಿಕ್ಕಿರಂಗಿಲ್ಲೇನು? ತೊಳದಿರ್ತಾರೇನು?"

ತೊಳೆದಿರುತ್ತಾರೆ, ಬಿಸಿನೀರಲ್ಲಿ ಮೂರು ಸಲ ತೊಳೆದಿರುತ್ತಾರೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮೂರು ಸಲ ಎಂಬ ಲೆಕ್ಕವೂ ಅದರ ಜೊತೆಗೇ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ," ಎಂದೆ.

ಅಕ್ಕ ತಲೆ ಎತ್ತಿದಳು. "ಏನಂದಿ?"

"ಗೊತ್ತಿಲ್ಲ ಅಂದ್ನಿ."

"ಇನ್ನೊಮ್ಮೆ ಅನ್ನು."

"ಕಿವಿನೂ ಹೋದುವೇನು? ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆಯ ಕಡೆ ತಿರುಗಿ ಅಕ್ಕ, "ಕೇಳಿದಿಲ್ಲ? ಎಪ್ಪತ್ತು ವರ್ಷ ಆತು ಇಕಿ ಹುಟ್ಟಿ. ಇವತ್ತ ಮೊದಲ್ನೇದು," ಎಂದಳು. ಅವಳ ಬೊಚ್ಚು ಬಾಯಿ ಅಗಲವಾಯಿತು. ನಕ್ಕಳೋ ಇಲ್ಲವೋ ಹೇಳುವುದು ಕಷ್ಟ. ಊಟ ಮಾಡಿದಳು. ಉಂಡ ಕೈ ತೊಳೆದು ಬಂದು ಒಂದು ತುಂಡನ್ನು ಬಾಯಿಗಿಟ್ಟು, ನಾಲಿಗೆಯಿಂದ ಒತ್ತಿ ನುಂಗಿದಳು.

"ಗೊಂಬಿಯಷ್ಟು ಛಲೋ ಇಲ್ಲ," ಎಂದಳು.

"ಇಲ್ಲ," ಎಂದೆ. ಇರಲಿಲ್ಲ.

ಇನ್ನೊಂದು ತೆಗೆದುಕೊಂಡಳು.

ಆಮೇಲೆ ಅವಳ ಸೊಸೆ ದಿನದ ಗುಳಿಗೆ ತಂದುಕೊಟ್ಟಳು. ಉದ್ದನೆಯದು, ಅರ್ಧ ಕೆಂಪು, ಅರ್ಧ ಗಾಜಿನ ಹಾಗೆ, ಒಳಗೆ ಸಣ್ಣ ಕಾಳುಗಳು. ಅಕ್ಕನ ಅಂಗೈ ಇನ್ನೂ ಒದ್ದೆಯಿತ್ತು. ಗುಳಿಗೆಯ ಸಿಪ್ಪೆ ಒದ್ದೆಗೆ ಮೆತ್ತಗಾಗಿ ಚರ್ಮಕ್ಕೆ ಹತ್ತಿಕೊಂಡಿತು. ಅಕ್ಕ ಅದನ್ನು ಬೆರಳಿಂದ ಎಬ್ಬಿಸಿ ನೋಡಿದಳು. ಏಳು ತಿಂಗಳು ಗೊಂಬಿ ಹಿಡಿದ ಬೆರಳು ಅದು.

"ತಂಗಿ, ಈ ಸಿಪ್ಪಿ ಎದರದು?"

ನಾನೂ ಅದನ್ನೇ ನೋಡುತ್ತಿದ್ದೆ. "ಗೊತ್ತಿಲ್ಲ," ಎಂದೆ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ಆದ್ರ ಡಾಕ್ಟರ್ನ ಕೇಳದ ಬಿಡಬ್ಯಾಡ. ನಾ ವಿಚಾರ್ಸಿಕೊಂಡ ಬಂದ ಹೇಳ್ತೇನಿ. ಅಲ್ಲೀತನಕ ನುಂಗು."

ಅಕ್ಕ ಗುಳಿಗೆಯನ್ನೂ ನನ್ನನ್ನೂ ನೋಡಿದಳು. "ಕೇಳೇ ಹೇಳಬೇಕು ಮತ್ತ."

"ಕೇಳೇ ಹೇಳ್ತೇನಿ."

ನುಂಗಿ ನೀರು ಕುಡಿದಳು. ಆ ದಿನ ನಾನು ಊರಿಗೆ ಮರಳಲಿಲ್ಲ, ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಗುಳಿಗೆಯ ಖಾಲಿ ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋದೆ. ಔಷಧ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಅಂಗಡಿಯವನು ಬಂದು ಬಾಗಿಲು ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚಿ, "ಏನ ಬೇಕು ಅಜ್ಜಿ?" ಎಂದ. ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು ಅವನ ಮುಂದಿಟ್ಟೆ.

"ಏನೂ ಬ್ಯಾಡಪ್ಪ," ಎಂದೆ. "ಒಂದ ಮಾತು ಕೇಳಾಕ ಬಂದೇನಿ."